ಗೊಟಗೋಡಿಗೆ ಅತ್ತೆಯವರನ್ನೂ ಕರೆತನ್ನಿ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ದಸರೆ ರಜೆಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಾರಿನಲ್ಲೇ ಬರುತ್ತೀರಿ, ಜೊತೆಗೆ ಮಕ್ಕಳಿಬ್ಬರೂ ಅತ್ತೆಯವರೂ ಇರುತ್ತಾರೆ ಎಂದು ಓದಿ ಖುಷಿಯಾಯಿತು. ಮಕ್ಕಳಿಗೆ ವಂಡರ್‌ಲಾದ ಹಾಗೆ ಹೊತ್ತು ಹೋಗಬೇಕು, ಅತ್ತೆಯವರಿಗೂ ಬೇಸರವಾಗಬಾರದು, ಅಂಥ ಥೀಮ್ ಪಾರ್ಕ್ ನಿಮ್ಮ ಕಡೆ ಇದೆಯೇ ಎಂದು ಕೇಳಿದ್ದೀರಿ. ಇದೆ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಉತ್ಸವ ರಾಕ್ ಗಾರ್ಡನ್ ಇದೆ. ನೀವು ಬರುವ ದಾರಿಯೇ ಅದು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬಂದರೆ ಕಾಣದೆ ಹೋಗುತ್ತದೆ, ಅಷ್ಟೆ.

ವಂಡರ್‌ಲಾ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. 2005ರಿಂದ ಬಿಡದಿಯ ಬಳಿ ನಿಂತಿರುವ ಆ ಜಾಗಕ್ಕೆ ನಮ್ಮ ಕಡೆಯ ಶಾಲೆಗಳೂ ರಾತ್ರಿಯಿಡೀ ಬಸ್ಸು ಓಡಿಸಿಕೊಂಡು ಹೋಗುತ್ತವೆ. ಎತ್ತರದಿಂದ ಬೀಳುವ ಆಟದಲ್ಲಿ ಆಸನವೂ ನಾವೂ ಒಂದೇ ವೇಗದಲ್ಲಿ ಇಳಿಯುವುದರಿಂದ ಕೆಳಗಿನಿಂದ ನಮ್ಮನ್ನು ಎತ್ತಿ ಹಿಡಿಯುವುದು ಏನೂ ಇರುವುದಿಲ್ಲ. ಹೊಟ್ಟೆ ಗಂಟಲಿಗೆ ಬಂದಂತಾಗುವುದು ಅದಕ್ಕೇ. ಅಲ್ಲಿ ಮೋಸಹೋಗುವುದು ಮೈ. ಗೊಟಗೋಡಿಯಲ್ಲಿ ಮೋಸಹೋಗುವುದು ಕಣ್ಣು. ಕಣ್ಣು ಮೋಸಹೋದ ಮೇಲೆ ಜನ ಏನೇನು ಮಾಡುತ್ತಾರೆ, ಏನೇನು ಮಾತಾಡುತ್ತಾರೆ ಎಂಬುದನ್ನು ನಿಮಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅದೊಂದು ಸಿಮೆಂಟಿನ ಹಳ್ಳಿ. ಸಾವಿರಕ್ಕೂ ಹೆಚ್ಚು ಶಿಲ್ಪಗಳಿವೆ. ಆಳೆತ್ತರದ ಗಂಡಸರು, ಹೆಂಗಸರು, ಮಕ್ಕಳು, ಎತ್ತು, ಎಮ್ಮೆ, ಕುರಿಹಿಂಡು, ಎಲ್ಲವಕ್ಕೂ ಬಣ್ಣ ಬಳಿದಿದ್ದಾರೆ. ಒಬ್ಬರೂ ಸುಮ್ಮನೆ ನಿಂತಿಲ್ಲ. ಹೊಲದ ಕೆಲಸ, ಮನೆಯ ಕೆಲಸ, ಕಸುಬಿನ ಕೆಲಸ ಎಲ್ಲ ನಡೆದಿದೆ. ಬಿಡುವಾದವರು ಕಟ್ಟೆಯ ಮೇಲೆ ಕೂತಿದ್ದಾರೆ. ಗುಡಿಗಳಲ್ಲಿ ಶಿಲ್ಪ ನೋಡಿ ರೂಢಿಯಾದ ನಮಗೆ ಶಿಲ್ಪವೆಂದರೆ ಪೀಠದ ಮೇಲೆ ಇರಬೇಕು, ನಮ್ಮ ಕಡೆ ಮುಖ ಮಾಡಿರಬೇಕು. ಇಲ್ಲಿ ಯಾರೂ ನಿಮ್ಮ ಕಡೆ ನೋಡುವುದಿಲ್ಲ, ಎಲ್ಲರೂ ತಮ್ಮ ಕೈಯಲ್ಲಿನ ಕೆಲಸ ನೋಡುತ್ತಿರುತ್ತಾರೆ. ನಾವೇ ಯಾರದೋ ಮನೆಯ ಅಂಗಳಕ್ಕೆ ಕೇಳದೆ ಕಾಲಿಟ್ಟ ಹಾಗೆ ಅನ್ನಿಸಿ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ.

ಒಮ್ಮೆ ಬಿಸಿಲಲ್ಲಿ ದಣಿದ ಒಬ್ಬರು ಕಟ್ಟೆಯ ಹತ್ತಿರ ಬಂದು, ರುಮಾಲು ಸುತ್ತಿದ ಹಿರಿಯನನ್ನು, "ಯಜಮಾನ್ರ, ಕುಡಿಯೋ ನೀರು ಎಲ್ಲೈತ್ರಿ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೇಳಿದರು. ಆಗ ಅದೇ ಕಟ್ಟೆಯ ಇನ್ನೊಂದು ತುದಿಯಿಂದ ಉತ್ತರ ಬಂತು: "ಅವಾ ಏನ್ ಹೇಳ್ತಾನ್ರಿ, ಅವಾ ಸಿಮೆಂಟಿನಾಂವ. ಆ ಗಿಡದ ಕಡೆ ಹೋಗ್ರಿ, ನಳ ಐತಿ." ಹೇಳಿದವರು ದಣಿವಾರಿಸಿಕೊಳ್ಳಲು ಕೂತಿದ್ದ ಊರ ರೈತ. ಅವರಿಗೂ ಹಾಗೇ ರುಮಾಲು, ಹಾಗೇ ಧೋತರ, ಹಾಗೇ ಮೊಣಕಾಲಿನ ಮೇಲೆ ಕೈ.

ಇದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ಇನ್ನೊಂದಿದೆ. ಶಾಲೆಯ ಮಕ್ಕಳ ಗುಂಪೊಂದು ಬಂದಿತ್ತು. ಆಗಲೇ ಹತ್ತಾರು ಬೊಂಬೆಗಳನ್ನು ಮುಟ್ಟಿ ನೋಡಿದ್ದ ಒಬ್ಬ ಹುಡುಗ ನೆರಳಲ್ಲಿ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯ ಹತ್ತಿರ ಹೋದ. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಮುಚ್ಚಿದ ಕಣ್ಣು. ಬೆರಳಿನಿಂದ ಆಕೆಯ ಕೆನ್ನೆ ಒತ್ತಿದ. ಅಜ್ಜಿ ಕಣ್ಣು ಬಿಟ್ಟಳು. ಹುಡುಗ ಕಿರುಚಿದ ರಭಸಕ್ಕೆ ಅಷ್ಟೂ ಮಕ್ಕಳು ಚೆಲ್ಲಾಪಿಲ್ಲಿಯಾದರು. ಅಜ್ಜಿ ಮಾತ್ರ ಬಾಯಿ ತುಂಬ ನಕ್ಕು, "ಯಾಕೋ ತಮ್ಮಾ, ನಾ ಇನ್ನೂ ಕಲ್ಲಾಗಿಲ್ಲೋ" ಎಂದು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಸೆರಗಿನ ಗಂಟಿನಿಂದ ಪುಟಾಣಿ ಬೆಲ್ಲ ತೆಗೆದು ಕೊಟ್ಟಳು. ಆಮೇಲೆ ಆ ಹುಡುಗ ಒಂದೂ ಬೊಂಬೆ ಮುಟ್ಟಲಿಲ್ಲ. ಪ್ರತಿಯೊಂದರ ಮುಂದೆಯೂ ನಿಂತು, ಅದು ಕಣ್ಣು ಬಿಡುತ್ತದೆಯೇ ಎಂದು ಕಾಯುತ್ತಿದ್ದ.

ಮನುಷ್ಯನನ್ನು ಹೋಲುವ ಬೊಂಬೆಗಳ ಬಗ್ಗೆ ಜಪಾನಿನ ರೋಬೋ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. ಹೋಲಿಕೆ ಹೆಚ್ಚಿದಷ್ಟೂ ನಮಗೆ ಅದರ ಮೇಲೆ ಪ್ರೀತಿ ಹೆಚ್ಚುತ್ತದೆ, ಆದರೆ ಹೆಚ್ಚುಕಡಿಮೆ ಮನುಷ್ಯನೇ ಎನ್ನುವ ಹಂತಕ್ಕೆ ಬಂದಾಗ ಆ ಪ್ರೀತಿ ಒಮ್ಮೆಲೇ ಕುಸಿದು ಒಂಥರಾ ಹೆದರಿಕೆ, ಅಸಹ್ಯ ಹುಟ್ಟುತ್ತದೆ ಎಂದರು. ಬೊಂಬೆ ಅಲುಗಾಡಿದರೆ ಆ ಕುಸಿತ ಇನ್ನೂ ಆಳ ಎಂದೂ ಹೇಳಿದರು. ಅಮೆರಿಕದಲ್ಲಿ ವಾಲ್ಟ್ ಡಿಸ್ನಿಯವರ ತಂಡ 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಅಬ್ರಹಾಂ ಲಿಂಕನ್ನರ ಯಂತ್ರಬೊಂಬೆ ಮಾಡಿ, ಅದು ಕುರ್ಚಿಯಿಂದ ಎದ್ದು ಭಾಷಣ ಮಾಡುವಂತೆ ಮಾಡಿತ್ತು. ಗೊಟಗೋಡಿಯವರು ಎದ್ದು ನಿಲ್ಲುವ ಗೋಜಿಗೆ ಹೋಗುವುದಿಲ್ಲ. ಅದಕ್ಕೇ ಇರಬೇಕು, ಅವರನ್ನು ಕಂಡರೆ ಹೆದರಿಕೆಯಾಗುವುದಿಲ್ಲ, ಮಾತಾಡಿಸಬೇಕು ಅನ್ನಿಸುತ್ತದೆ.

ಇದನ್ನೆಲ್ಲ ಕಟ್ಟಿದವರು ಕಲಾವಿದ ಟಿ. ಬಿ. ಸೊಲಬಕ್ಕನವರ. 2020ರಲ್ಲಿ ತೀರಿಕೊಂಡರು. ಅವರು ಚಿತ್ರ, ಶಿಲ್ಪಗಳಲ್ಲಿ ತೊಡಗಿದ್ದಷ್ಟೇ ದೊಡ್ಡಾಟದಲ್ಲೂ ತೊಡಗಿದ್ದವರು ಎಂಬುದು ಈ ತೋಟ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಯಾರ ಪಕ್ಕ ಯಾರನ್ನು ಕೂರಿಸಬೇಕು, ಯಾರ ಕೈ ಎಲ್ಲಿಯವರೆಗೆ ಏಳಬೇಕು, ಒಬ್ಬ ಮಾತಾಡುವಾಗ ಉಳಿದವರ ಕತ್ತು ಎತ್ತ ತಿರುಗಿರಬೇಕು ಎಂಬ ಲೆಕ್ಕ ಅಟ್ಟದ ಮೇಲೆ ಆಟ ಆಡಿಸಿ ಗೊತ್ತಿದ್ದವರಿಗೆ ಮಾತ್ರ ಬರುವಂಥದ್ದು. ಚಂಡೀಗಢದ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಹದಿನೆಂಟು ವರ್ಷ ಸರ್ಕಾರದ ಕಣ್ಣು ತಪ್ಪಿಸಿ, ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ತಮ್ಮ ಕನಸಿನ ರಾಜ್ಯವನ್ನೇ ಕಟ್ಟಿದರು. ಸೊಲಬಕ್ಕನವರ ಕಟ್ಟಿದ್ದು ಕನಸನ್ನಲ್ಲ, ತಾವು ಕಂಡ ಊರನ್ನು. ಹೆಸರು ಒಂದೇ ಆದರೂ ನನ್ನ ಮನಸ್ಸಿನಲ್ಲಿ ಎರಡೂ ಬೇರೆ ಬೇರೆ ಜಾತಿಯ ಕೆಲಸಗಳು. ರಾಜ್‌ಕುಮಾರ್ ಅವರ ಹಲವು ಪಾತ್ರಗಳನ್ನು ನಿಲ್ಲಿಸಿದ ವೃತ್ತವೂ ಇಲ್ಲಿದೆ. ಅಲ್ಲಿ ಕೆಲವರು ಚಪ್ಪಲಿ ಬಿಟ್ಟು ಕೈಮುಗಿದದ್ದನ್ನು ಕಂಡಿದ್ದೇನೆ.

ಎತ್ತುಗಳ ಹತ್ತಿರ ಮಕ್ಕಳನ್ನು ಸ್ವಲ್ಪ ಹೊತ್ತು ಬಿಡಿ. ಅಲ್ಲಿ ಯಾರಾದರೊಬ್ಬ ಹಿರಿಯ ರೈತ ಸಿಕ್ಕೇ ಸಿಗುತ್ತಾರೆ, ಸಿಕ್ಕರೆ ಮಾತಾಡದೆ ಇರಲಾರರು. ನನಗೆ ಸಿಕ್ಕವರು ಸವಣೂರು ಕಡೆಯವರು. ಮೊದಲು ನೊಗ ಪರೀಕ್ಷಿಸಿದರು, ಆಮೇಲೆ ಹಗ್ಗ, ಆಮೇಲೆ ಎತ್ತಿನ ಗೊರಸು. ಸುತ್ತ ನಿಂತ ಅಪರಿಚಿತ ಮಕ್ಕಳಿಗೆ ಪಾಠವೇ ಶುರುವಾಯಿತು. ಎಡಕ್ಕೆ ರೂಢಿಯಾದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ಸಾಲು ಹಿಡಿಯುವುದಿಲ್ಲ, ಆದ್ದರಿಂದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿದ ಹಾಗೆ ಯಾವ ಕಡೆ ದುಡಿದದ್ದು ಎಂದೂ ಕೇಳಬೇಕು ಎಂದರು. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ ಚೆನ್ನಾಗಿ ಬರುತ್ತದೆ, ಕೆಂಪೆತ್ತು ಬಂದರೆ ಮುಂಗಾರಿ ಎಂದು ಹಿರಿಯರು ನಂಬಿದ್ದನ್ನೂ ಹೇಳಿದರು. ದೀಪಾವಳಿಯ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯ ಮಾತು ಬಂದಾಗ ಅಲ್ಲಿದ್ದ ಹುಡುಗರೂ ಬಾಯಿ ಹಾಕಿದರು. ಕೊಬ್ಬರಿ ಹಾರ ಕಟ್ಟಿಸಿಕೊಂಡು ಯಾರ ಕೈಗೂ ಸಿಗದೆ ಓಡುವ ಹೋರಿಗಳ ಹೆಸರು ಅವರಿಗೆ ಸಿನಿಮಾ ನಾಯಕರ ಹೆಸರಿನಷ್ಟೇ ಬಾಯಿಪಾಠ. ಸಿಮೆಂಟಿನ ಎತ್ತು ಅಲ್ಲಾಡದೆ ನಿಂತಿತ್ತು, ಅದರ ಸುತ್ತ ಜಾತ್ರೆಯೇ ನೆರೆದಿತ್ತು.

ಆದರೆ ಎಲ್ಲರೂ ಹಾಗೆ ಉಬ್ಬಿ ಹೋಗುತ್ತಾರೆ ಎಂದು ತಿಳಿಯಬೇಡಿ. ಬೀಸುಕಲ್ಲಿನ ಮುಂದೆ ಕೂತ ಹೆಂಗಸಿನ ಬೊಂಬೆಯನ್ನು ಕಂಡು ನಮ್ಮ ನೆರೆಮನೆಯ ದೊಡ್ಡವ್ವ ಸುಮಾರು ಹೊತ್ತು ನಿಂತಿದ್ದರು. ಹಳೆಯದೆಲ್ಲ ನೆನಪಾಗಿ ಕಣ್ಣು ತುಂಬಿತೇನೋ ಎಂದು ಅವರ ಸೊಸೆ ಮೆಲ್ಲಗೆ ಹೆಗಲ ಮೇಲೆ ಕೈ ಇಟ್ಟಳು. ದೊಡ್ಡವ್ವ ಹೇಳಿದ್ದು ಬೇರೆ: "ಈಕಿ ಹೆಗಲು ನೋಡ ಯವ್ವಾ, ಒಂದೀಟೂ ಬಗ್ಗಿಲ್ಲ. ಬೆಳತನಕ ಬೀಸಿದಾಕಿ ಹಿಂಗ ಕುಂದರಂಗಿಲ್ಲ." ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ದೇವರಿಗೆ ಎಣ್ಣೆದೀಪ ಹಚ್ಚಿದ್ದನ್ನು ಆಗಲೇ ಹೇಳಿದರು. ಬಾಣಂತನ ಮುಗಿದ ವಾರವೇ ಮತ್ತೆ ಕಲ್ಲಿನ ಮುಂದೆ ಕೂತದ್ದು, ಅಂಗೈ ಬೊಬ್ಬೆ ಒಡೆದದ್ದು, ಹಿಟ್ಟು ದಪ್ಪವಾಯಿತೆಂದು ಬೈಸಿಕೊಂಡದ್ದು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ತನಗೆ ಇದೆಲ್ಲ ತಿಳಿದಿರಲಿಲ್ಲ ಎಂದು ಸೊಸೆ ಆಮೇಲೆ ನನಗೆ ಹೇಳಿದಳು. ಹಳ್ಳಿಯ ಬದುಕನ್ನು ಚಂದ ಮಾಡಿ ತೋರಿಸುವ ಯಾವ ಜಾಗಕ್ಕೆ ಹೋದರೂ ದೊಡ್ಡವ್ವನಂಥವರೊಬ್ಬರು ಜೊತೆಗಿರಬೇಕು ಎಂದು ನನಗೆ ಅನ್ನಿಸಿದ್ದು ಆವತ್ತು. ಬೀಸಿದವರ ಹೆಗಲು ಎಷ್ಟು ಬಗ್ಗುತ್ತಿತ್ತು ಎಂದು ಬೀಸಿದವರೇ ಹೇಳಬೇಕು.

ಇನ್ನೊಂದನ್ನು ಬರೆಯದೆ ಈ ಪತ್ರ ಮುಗಿಸಲಾರೆ. ಸಿಮೆಂಟಿನ ಊರಿನಲ್ಲಿ ಯಾರಿಗೂ ಯಾರ ಮೇಲೂ ಮುನಿಸಿಲ್ಲ. ಎಲ್ಲ ಕಸುಬಿನವರೂ ಇದ್ದಾರೆ, ಎಲ್ಲರೂ ಹಸನ್ಮುಖರು. ಯಾವ ಬಾವಿಯಲ್ಲಿ ಯಾರು ನೀರು ಸೇದಬಾರದಿತ್ತು, ಯಾರು ಯಾವ ಕಟ್ಟೆ ಹತ್ತಬಾರದಿತ್ತು ಎಂಬುದನ್ನು ಬೊಂಬೆಗಳು ಹೇಳುವುದಿಲ್ಲ. ಒಂದು ಸಂಜೆ, ಮೊಮ್ಮಗನೊಂದಿಗೆ ಬಂದಿದ್ದ ಹಿರಿಯರೊಬ್ಬರು ಊರಿನ ಗೌಡಕಿಯವರ ಹಾಗೆ ಕಾಣುವ ಬೊಂಬೆ ಕೂತಿದ್ದ ಕಟ್ಟೆಯ ಮುಂದೆ ನಿಂತರು. "ಇಂಥಾ ಕಟ್ಟಿ ಮ್ಯಾಲ ನಮ್ಮಪ್ಪ ಎಂದೂ ಕುಂತಾಂವಲ್ಲ. ಕೆಳಗ ನಿಂತು ಮಾತಾಡ್ತಿದ್ದ" ಎಂದು ಮೊಮ್ಮಗನಿಗೆ ಹೇಳಿದರು. ಹುಡುಗ, "ಯಾಕಜ್ಜಾ?" ಅಂದ. ಅವರು ಉತ್ತರ ಕೊಡಲಿಲ್ಲ. ಕಟ್ಟೆ ಹತ್ತಿ, ಆ ಬೊಂಬೆಯ ಪಕ್ಕದಲ್ಲಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತು, ಕಾಲಿನ ಮೇಲೆ ಕಾಲು ಹಾಕಿಕೊಂಡು, "ಫೋಟೋ ತಗಿ" ಅಂದರು. ಒಂದು ಸಾಲಲಿಲ್ಲ, ಎರಡು ತೆಗೆಸಿದರು. ಆ ಫೋಟೋ ಈಗ ಯಾವ ಊರಿನ ಯಾವ ಮನೆಯ ಗೋಡೆಯ ಮೇಲಿದೆಯೋ. ಸೊಲಬಕ್ಕನವರ ಊರನ್ನು ಕಟ್ಟಿ ನಿಲ್ಲಿಸಿದ್ದರು, ಅದರಲ್ಲಿ ಖಾಲಿ ಉಳಿದಿದ್ದ ಒಂದು ಜಾಗವನ್ನು ಆ ಹಿರಿಯರು ತುಂಬಿದರು. ನಾನು ಆ ತೋಟದಲ್ಲಿ ಕಂಡ ಅತಿ ದೊಡ್ಡ ಸಂಗತಿ ಅದೇ.

ಇನ್ನು ನಿಮ್ಮ ಪ್ರಯಾಣದ ಮಾತು. ನಡುಮಧ್ಯಾಹ್ನ ಬೇಡ, ಬಯಲುಸೀಮೆಯ ಬಿಸಿಲು ದಸರೆಯಲ್ಲೂ ಸುಡುತ್ತದೆ. ಬೆಳಿಗ್ಗೆ ಬೇಗ ಅಥವಾ ಮೂರೂವರೆಯ ಮೇಲೆ ಒಳಗೆ ಹೋಗಿ. ನಡೆದಾಟ ಹೆಚ್ಚು, ಅತ್ತೆಯವರಿಗೆ ಮೆತ್ತನೆಯ ಚಪ್ಪಲಿ ಇರಲಿ. ಕೂರಲು ಕಟ್ಟೆಗಳಿಗೇನೂ ಕೊರತೆಯಿಲ್ಲ. ಮಕ್ಕಳಿಗೆ ಮೊದಲೇ ಏನೂ ಹೇಳಬೇಡಿ, ಅಜ್ಜಿಯನ್ನೇ ಮುಂದೆ ಬಿಡಿ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ಇದೇ ತಾಲ್ಲೂಕಿನಲ್ಲಿ ಕನಕದಾಸರು ಹುಟ್ಟಿದ ಬಾಡ, ಸಂತ ಶರೀಫರ ಶಿಶುನಾಳ, ನವಿಲುಗಳಿರುವ ಬಂಕಾಪುರದ ಕೋಟೆ ಮೂರನ್ನೂ ನೋಡಬಹುದು. ಜಾನಪದ ವಿಶ್ವವಿದ್ಯಾಲಯವೂ ಗೊಟಗೋಡಿಯಲ್ಲೇ ಇದೆ.

ನಿಮ್ಮ ಅತ್ತೆಯವರು ಗದಗ ಕಡೆಯವರು ಎಂದು ಹಿಂದೊಮ್ಮೆ ಬರೆದಿದ್ದಿರಿ. ಹಾಗಿದ್ದರೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವಿನ ಬಗ್ಗೆ ಅವರಿಗೆ ಚೆನ್ನಾಗಿ ಗೊತ್ತಿರಬೇಕು. ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅವರ ಮನೆಯಲ್ಲಿ ಅದನ್ನು ಹೇಗೆ ನೋಡುತ್ತಿದ್ದರು, ಕಂದೀಲು ಇಳಿಬಿಟ್ಟೋ ಬೇರೆ ರೀತಿಯಲ್ಲೋ ಎಂದು ಕೇಳುವ ಆಸೆ ನನಗೆ. ಬರುವ ದಿನ ತಿಳಿಸಿ, ನಾನೂ ಶಿಗ್ಗಾವಿಯಲ್ಲಿ ನಿಮ್ಮನ್ನು ಕೂಡಿಕೊಳ್ಳುತ್ತೇನೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ನನ್ನ ಕಡೆಯಿಂದ. ಹೋಟೆಲಿನ ಊಟ ಬೇಡ.

ಪ್ರೀತಿಯಿಂದ,
ನಿಮ್ಮ ಹಾವೇರಿ ಕಡೆಯ ಗೆಳತಿ