ಅತ್ತೆಯ ಮೂರು ಕಾಲಿನ ಕುರ್ಚಿ

ಯಮ್ಮನೆ ಹಿಂದಿನ ಗುಡ್ಡ ಹತ್ತಿದ್ರೆ ಕೊಡಚಾದ್ರಿ ಕಾಣ್ತು. ಅತ್ತೆ ಮದುವೆಯಾಗಿ ಬಂದಾಗಿಂದ ಅದನ್ನ ನೋಡ್ತಾನೇ ಇದ್ದು, ಸರ್ವಜ್ಞ ಪೀಠಕ್ಕೆ ಮಾತ್ರ ಹೋಗಿದ್ದಿಲ್ಲೆ. ಆಗ ಕೊಟ್ಟಿಗೆ ಕೆಲಸ, ಈಗ ಮಂಡಿ ನೋವು.

ದೀಪಾವಳಿ ಕಳದ ಮೇಲೆ ಮಾಣಿ, "ಅಮ್ಮಮ್ಮ, ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ರದವರೆಗೂ ಜೀಪ್ ಹೋಗ್ತು, ಹೊರಡು" ಅಂದ. ಅಲ್ಲಿಂದ ಮೇಲೆ ನಡೆಯದೇ.

"ನಿಧಾನಕ್ಕೆ ನಡಿಲಕ್ಕು. ದಣಿದ್ರೆ ಕೂರದು ಎಲ್ಲಿ? ನೆಲಕ್ಕೆ ಕೂತ್ರೆ ಎಬ್ಬಿಸಕ್ಕೆ ಇಬ್ರು ಬೇಕು. ಆನು ಬತ್ನಿಲ್ಲೆ" ಅಂತು ಅತ್ತೆ.

ಯಂಗೆ ಕಾರಣ ಗೊತ್ತಿತ್ತು. ಒಂದು ಮದುವೆಮನೇಲಿ ಯಾರೋ "ಅಜ್ಜಿಗೊಂದು ಕುರ್ಚಿ ತಗಬಾರೋ" ಹೇಳಿ ಕೂಗಿದ್ದೇ ಸೈ, ಇಡೀ ಪಂಕ್ತಿ ತಿರುಗಿ ನೋಡಿತ್ತು. ಆಮೇಲೆ ಅತ್ತೆ ಹೊರಗೆ ಹೋಗದೇ ಕಮ್ಮಿ ಮಾಡ್ತು.

ಚಾರಣದ ಮಡಚೋ ಕುರ್ಚಿ ಮೊಬೈಲಲ್ಲಿ ನೋಡ್ದಿ. ಹಗುರ ಇದ್ದಿದ್ದಕ್ಕೆಲ್ಲ ಸಾವಿರದ ಮೇಲೆ. ಅದ್ರಲ್ಲೂ ಕೂರ ಜಾಗ ರಾಶಿ ತಗ್ಗು. ಮಂಡಿ ನೋವಿದ್ದವ್ಕೆ ಎತ್ತರವೇ ಮುಖ್ಯ. ಸರಿ, ಆನೇ ಮಾಡ್ತಿ ಹೇಳಿ ಕೂತಿ.

ಬೇಕಾಗಿದ್ದು ಇಷ್ಟೆ: 26 ಇಂಚಿನ ಮೂರು ಗಟ್ಟಿ ಬಿದಿರು ಕೋಲು, ಹೆಬ್ಬೆರಳು ದಪ್ಪದ್ದು. ಮೂರನ್ನೂ ಒಟ್ಟಿಗೆ ಹಿಡಿದು, ಮಧ್ಯದಲ್ಲಿ ನೈಲಾನ್ ಹಗ್ಗನ ಒಂದರ ಮೇಲೆ ಒಂದರ ಕೆಳಗೆ ಹೆಣೆದು ಕಟ್ಟವು. ರಾಶಿ ಬಿಗಿದ್ರೆ ಕೋಲು ಬಿಚ್ಚಿಕೊಳ್ತಿಲ್ಲೆ. ಕೂರಕ್ಕೆ 14 ಇಂಚಿನ ಮುಕ್ಕೋನ ಬಟ್ಟೆ, ಮೂರು ಮೂಲೆಗೂ ಕೋಲಿನ ತುದಿ ತೂರೋ ಜೇಬು. ಕೆಳಗಿನ ತುದಿಗೆ ಊರುಗೋಲಿನ ರಬ್ಬರ್ ಬುಷ್, ಬಂಡೆ ಮೇಲೆ ಜಾರಲಾಗ ಹೇಳಿ.

ಮೊದಲು ಹಳೇ ಕಾಟನ್ ಸೀರೆನ ನಾಲ್ಕು ಪದರ ಮಡಚಿ ಹೊಲಿದಿ. ಪರೀಕ್ಷೆಗೆ ಆನೇ ಕೂತಿ. ಪರ್‌ರ್ ಅಂತು, ಅಂಗಳದಲ್ಲಿ ಅಂಗಾತ! ಅತ್ತೆ ನಕ್ಕಿದ್ದು ಇನ್ನೂ ಕಿವೀಲಿದ್ದು. ಕೂತಾಗ ಕೋಲು ಅಗಲ ಆಗಕ್ಕೆ ನೋಡ್ತು, ಬಟ್ಟೆ ಹಿಡ್ಕಂಡು ನಿಲ್ಲಿಸ್ತು. ಭಾರ ಪೂರಾ ಬೀಳದು ಮೂಲೆ ಹೊಲಿಗೆ ಮೇಲೆ. ಎರಡನೇ ಸಲ ಮಾಣಿಯ ಹಳೇ ಜೀನ್ಸ್ ಎರಡು ಪದರ, ಜೇಬಿಗೆ ಮೂರು ಸಾಲು ಹೊಲಿಗೆ. ದಿನಾ ಒಬ್ಬೊಬ್ರು ಕೂತು, ವಾರ ಕಳದ ಮೇಲೇ ಅತ್ತೆಗೆ ಕೊಟ್ಟಿದ್ದು. ತೂಕ ಒಂದು ಕೆಜಿ ಒಳಗೆ. ಮೂರೇ ಕಾಲು ಆಗಿದ್ದಕ್ಕೆ ಏರುಪೇರು ನೆಲದಲ್ಲೂ ಅಲ್ಲಾಡ್ತಿಲ್ಲೆ, ಮೂರು ಕಲ್ಲಿನ ಒಲೆ ಹಂಗೆ.

ಆ ಏರಲ್ಲಿ ಅತ್ತೆ ನಾಲ್ಕು ಸಲ ಕೂತು ಎದ್ದು ನಡೀತು. ಪ್ರತಿ ಸಲವೂ ಮಾಣಿ ಕೈ ಚಾಚದ್ರೊಳಗೆ ತಾನೇ ಎದ್ದಿತ್ತು. ಪೀಠದ ಎದುರು ಕೈ ಮುಗಿದು, ಕುರ್ಚಿ ಬಿಚ್ಚಿ ಕೂತ್ಗಂಡು, ಮೊದಲು ಕೇಳಿದ್ದೇ "ಯಮ್ಮನೆ ಗುಡ್ಡ ಯಾವ ಬದಿಗೆ?" ಹೇಳಿ. ಮಂಜು ಮುಸುಕಿತ್ತು, ಕಾಣಲಿಲ್ಲೆ. ಆದ್ರೂ ಆ ದಿಕ್ಕಿಗೇ ರಾಶಿ ಹೊತ್ತು ನೋಡ್ತಾ ಕೂತಿತ್ತು.

ಇಳಿಯಕಾರೆ ಯನ್ನ ಹತ್ರ ಮೆಲ್ಲಗೆ ಹೇಳ್ತು: "ಕೂಸೇ, ಯಾರ ಹತ್ರನೂ ಕುರ್ಚಿ ಕೇಳದು ತಪ್ಪಿತು ನೋಡು."

ಮೊನ್ನೆ ತೀರ್ಥಹಳ್ಳಿ ಕಡೆ ಒಂದು ಮದುವೆ ಇತ್ತು. ಆನು ಸೀರೆ ಉಟ್ಟು ಹೊರಗೆ ಬಪ್ಪದ್ರೊಳಗೆ, ಅತ್ತೆ ಆ ಕುರ್ಚಿನ ಛತ್ರಿ ಚೀಲಕ್ಕೆ ಹಾಕಿ, ಹೆಗಲಿಗೆ ಏರಿಸ್ಕಂಡು ಬಾಗಿಲಲ್ಲಿ ನಿಂತಿತ್ತು.

ನಿಮ್ಮನೇಲೂ ಹೀಂಗೆ "ಬತ್ನಿಲ್ಲೆ" ಹೇಳವು ಇದ್ರೆ ಹಳೇ ಜೀನ್ಸ್ ಬಿಸಾಕಡಿ. ಮೂಲೆ ಹೊಲಿಗೆ ಮಾತ್ರ ಜ್ವಾಪಾನ.