ಹಂಚಿನ ಮೇಲಿನ ಕಂದು ಚುಕ್ಕೆ

ದೇವದುರ್ಗದ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿದ್ದೀರಿ. ಎಸರು ಹಾಕಿ ನಾದಿದ ಜೋಳದ ಹಿಟ್ಟು ಅವ್ವನ ಅಂಗೈ ಕೆಳಗೆ ಟಪಟಪ ಎನ್ನುತ್ತ ಅಗಲವಾಗುತ್ತಿದೆ. ಹಂಚಿಗೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾಳೆ, ತಿರುವಿ ಹಾಕುತ್ತಾಳೆ, ಅಂಚು ಒತ್ತುತ್ತಾಳೆ. ರೊಟ್ಟಿ ಉಬ್ಬುತ್ತದೆ. ಒಳಗೆ ತೇವ ಇರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಅಲ್ಲಿ ಬಿಳುಪು. ನೀರಾರಿದ ಮೇಲ್ಮೈ ಮಾತ್ರ ಇನ್ನೂ ಕಾದು ಚುಕ್ಕೆಗಟ್ಟುತ್ತದೆ. ಘಮ ಮೂಗಿಗೆ ಬಡಿಯುವಷ್ಟರಲ್ಲಿ ಹಿಟ್ಟಿನ ಸಕ್ಕರೆ ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡಾಗಿದೆ. ಫ್ರಾನ್ಸಿನ ಲೂಯಿ ಕಾಮಿಲ್ ಮಯ್ಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದೇ.

"ಇನ್ನೊಂದು ತಗೋ ಯಪ್ಪಾ. ಬ್ಯಾಳಿ ಹಚ್ಗೊಂಡು ತಿನ್ನು."

ಬೇಳೆ ಬೇಡ ಅನ್ನಬೇಡಿ. ಲೈಸಿನ್ ನಮ್ಮ ಮೈ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಜೋಳದಲ್ಲಿ ಅದು ಮೊದಲೇ ಕಡಿಮೆ. ಅದರಲ್ಲೂ ಇನ್ನಷ್ಟು ಹಂಚಿನ ಮೇಲೆ ಸಕ್ಕರೆಗೆ ಸಿಕ್ಕಿ ಕೈತಪ್ಪುತ್ತದೆ. ತೊಗರಿ ಬೇಳೆ ಆ ಕೊರತೆ ತುಂಬುತ್ತದೆ. ಚುಕ್ಕೆಗೆ ಹೆದರಿ ರೊಟ್ಟಿ ಬಿಡುವವರಿಗಿಂತ ಬೇಳೆ ಕೊಳ್ಳಲಾಗದೆ ಬರೀ ರೊಟ್ಟಿ, ಖಾರದಲ್ಲೇ ದಿನ ದೂಡುವವರ ಚಿಂತೆ ನನಗೆ ಹೆಚ್ಚು.

ಮಾನ್ವಿಯಲ್ಲಿ ಬಸ್ಸಿಳಿಯುತ್ತೀರಿ. ಬಾಣಲೆಯಲ್ಲಿ ಮಿರ್ಚಿ ತೇಲುತ್ತಿದೆ, ಪಕ್ಕದಲ್ಲಿ ಮಂಡಾಳ ಒಗ್ಗರಣೆ. ಕಡಲೆ ಹಿಟ್ಟಿಗೆ ಸೋಡಾ ತುಸು ಹೆಚ್ಚಾದರೆ ಬಜ್ಜಿ ಬೇಗ ಕೆಂಪಾಗುತ್ತದೆ. ಕ್ಷಾರ ಇದ್ದಲ್ಲಿ ಈ ಕ್ರಿಯೆಗೆ ವೇಗ. ನೀವು ಮಿರ್ಚಿ ಕಚ್ಚುವ ಹೊತ್ತಿಗೆ ಬೆಳಗಿನ ರೊಟ್ಟಿ ಸಣ್ಣ ಕರುಳಿನಲ್ಲಿದೆ. ಅಲ್ಲಿ ಟ್ರಿಪ್ಸಿನ್ ಪ್ರೋಟೀನನ್ನು ಲೈಸಿನ್ ಇದ್ದ ಕಡೆ ಕತ್ತರಿಸುತ್ತ ಬರುತ್ತದೆ; ಸಕ್ಕರೆ ಅಂಟಿದ ಲೈಸಿನ್ ಸಿಕ್ಕರೆ ಅಲ್ಲಿ ಕತ್ತರಿಸಲಾಗದೆ ಮುಂದಕ್ಕೆ ಹೋಗುತ್ತದೆ. ಹೆಚ್ಚು ಕಾದಾಗ ಇದೇ ಕ್ರಿಯೆಯಲ್ಲಿ ಹುಟ್ಟುವ ಪೈರಾಲಿನ್ ಎಂಬ ಸಂಯುಕ್ತದ ದಾರಿ ಬೇರೆ. ಇನ್ನೊಂದು ಅಮೈನೋ ಆಮ್ಲದ ಜೊತೆಗೂಡಿ ಅದು ಕರುಳಿನ ಗೋಡೆ ದಾಟಿ ರಕ್ತ ಸೇರುತ್ತದೆ. ಅಲ್ಲಿ ಅದಕ್ಕೆ ಕೆಲಸವಿಲ್ಲ, ಮೂತ್ರದಲ್ಲಿ ಹೊರಟುಹೋಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು ಕೆಲವರಿಗೆ ಇಂಥ ಸಂಯುಕ್ತಗಳಿಲ್ಲದ ಆಹಾರ ಕೊಟ್ಟು ನೋಡಿದಾಗ ಮೂತ್ರದಲ್ಲಿನ ಪೈರಾಲಿನ್ ಸುಮಾರು ಶೇ. 90ರಷ್ಟು ಇಳಿದಿತ್ತು.

ಸಕ್ಕರೆ ಅಂಟಿದ ಲೈಸಿನ್, ಅಂದರೆ ಫ್ರಕ್ಟೋಸ್‌ಲೈಸಿನ್, ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಅದನ್ನೇ ಉಣ್ಣುವ ಸೂಕ್ಷ್ಮಾಣುಗಳಿವೆ! ಇಂಟೆಸ್ಟಿನಿಮೋನಾಸ್ ಎಂಬ ಬ್ಯಾಕ್ಟೀರಿಯಾ ಅದನ್ನು ಬ್ಯುಟಿರೇಟ್ ಆಗಿ ಮಾರ್ಪಡಿಸುತ್ತದೆ ಎಂದು 2015ರಲ್ಲಿ ನೆದರ್‌ಲ್ಯಾಂಡ್ಸ್ ತಂಡವೊಂದು ತೋರಿಸಿತು. ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ನಮಗೆ ದಕ್ಕದ ತುತ್ತು ಅವುಗಳ ಬಾಯಿಂದ ಹೀಗೆ ನಮಗೇ ಮರಳುತ್ತದೆ.

ಸಂಜೆ ರಾಯಚೂರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಂಚಿನ ಮೇಲೆ ಕೂತಿದ್ದೀರಿ. "ಮೂರು ತಿಂಗಳ ಶುಗರ್ ಏನ್ರಿ ಅಣ್ಣಾರ?" ಎಂದು ಕೇಳುತ್ತ ಹುಡುಗ ತೋಳಿಗೆ ರಬ್ಬರ್ ಬಿಗಿಯುತ್ತಾನೆ. ಎಚ್‌ಬಿಎ1ಸಿ ಎಂಬ ಆ ಪರೀಕ್ಷೆ ಅಳೆಯುವುದೂ ಇಂಥದೇ ಅಂಟನ್ನು. ಇಲ್ಲಿ ಹಂಚಿಲ್ಲ, 37 ಡಿಗ್ರಿಯ ಮೈಯೊಳಗೆ ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್‌ಗೆ ನಿಧಾನಕ್ಕೆ ಅಂಟುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಅಷ್ಟು ದಿನದ ಲೆಕ್ಕ ಅದರಲ್ಲಿ ಉಳಿಯುತ್ತದೆ. ಆ ವರದಿಯಲ್ಲಿ ಏರುವುದು ನಿಮ್ಮದೇ ರಕ್ತದ ಸಕ್ಕರೆ, ರೊಟ್ಟಿಯ ಚುಕ್ಕೆಯಲ್ಲ.

ಅದೇ ಹಾಳೆಯಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸಾಲನ್ನೂ ನೋಡಿ. ಊಟದಿಂದ ಬಂದದ್ದಿರಲಿ, ಮೈಯೊಳಗೇ ಹುಟ್ಟಿದ್ದಿರಲಿ, ಅಂಟು ಹತ್ತಿದ ಅಮೈನೋ ಆಮ್ಲಗಳನ್ನು ರಕ್ತದಿಂದ ಸೋಸಿ ಹೊರಹಾಕುವುದು ಮೂತ್ರಪಿಂಡ. ಅದು ಸೋತವರ ರಕ್ತದಲ್ಲಿ ಇವು ಹೋಗಲು ದಾರಿಯಿಲ್ಲದೆ ಶೇಖರವಾಗುತ್ತವೆ.