ಬರೀ ‘ಫಾಲ್ಸ್’ ಅಂದ್ರೆ ಸಾಲದು

ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರ್‌ಗೆ ಬಂದ ನಮ್ಮ ಗೆಳೆಯರಿಗೆ ಹೆಚ್ಚುವರಿ ಗಣಿತದ ಕ್ಲಾಸ್ ಇರುತ್ತೆ. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಜಾಗ ಇಲ್ಲ, ಬಸ್ ಹೋದಮೇಲೆ ಕೂತ್ಕೊಳ್ಳಿ ಅನ್ನೋದು ಆಫೀಸಿನ ಉತ್ತರ. ನಾವು ನಾಲ್ಕು ಜನ ಸೇರಿ ಎಲ್ಲ ನಿಬಂಧನೆಗಳನ್ನೂ, ಅಂದ್ರೆ ಕನ್‌ಸ್ಟ್ರೇಂಟ್‌ಗಳನ್ನೂ, ಎಸ್‌ಡಬ್ಲ್ಯುಐ-ಪ್ರೊಲಾಗ್‌ನ ಸಿಎಲ್‌ಪಿಎಫ್‌ಡಿ ಲೈಬ್ರರಿಗೆ ಕೊಟ್ಟೆವು. ಅದೂ ‘ಫಾಲ್ಸ್’ ಅಂತು. ಸರಿ, ಆಫೀಸಿನವರು ಹೇಳಿದ್ದು ನಿಜ. ಆದರೆ ಯಾಕೆ?

ಯಾಕೆ ಅಂತ ಕೇಳೋಕೆ ಪ್ರೊಲಾಗ್‌ನಲ್ಲಿ ಹಳೇ ದಾರಿಯೊಂದಿದೆ: ಪ್ರೋಗ್ರಾಮನ್ನೇ ಡೇಟಾ ಥರ ಓದೋ ಇನ್ನೊಂದು ಪ್ರೋಗ್ರಾಂ, ಮೆಟಾ-ಇಂಟರ್‌ಪ್ರಿಟರ್. ಮೂರೇ ನಿಯಮ. ‘ಟ್ರೂ’ ಬಂದರೆ ಮುಗೀತು. ಎರಡು ಗೋಲ್ ಇದ್ರೆ ಒಂದಾದ ಮೇಲೊಂದು. ಇಲ್ಲಾಂದ್ರೆ ಹೊಂದುವ ನಿಯಮ ಹುಡುಕಿ ಅದರ ಒಡಲನ್ನ ಬಿಡಿಸು.

ಕನ್‌ಸ್ಟ್ರೇಂಟ್ ಬಂದಾಗ ಈ ಸೊಗಸು ಸಾಕಾಗಲ್ಲ. ಎಕ್ಸ್ #> 3, ಎಕ್ಸ್ #< 6 ಅಂದಮೇಲೂ ಎಕ್ಸ್ ನೋಡೋಕೆ ಖಾಲಿ ವೇರಿಯಬಲ್ಲೇ. 4..5 ಅನ್ನೋ ಮಿತಿ ಅದರ ಬೆನ್ನಿಗೆ ಅಂಟಿರುತ್ತೆ, ಸಾಲ್ವರ್‌ಗಷ್ಟೇ ಗೊತ್ತು. ಮೂರು ಆರ್ಗ್ಯುಮೆಂಟಿನ ಕಾಪಿ_ಟರ್ಮ್ ಕರೆದರೆ ಆ ಮಿತಿ ಗೋಲ್ ರೂಪದಲ್ಲಿ ಕೈಗೆ ಸಿಗುತ್ತೆ. ರಿಯಲ್ ಸಂಖ್ಯೆಗಳ ಸಿಎಲ್‌ಪಿ(ಆರ್) ಭಾಷೆಯಲ್ಲಿ ತೊಂದರೆ ಇನ್ನೂ ಮೊದಲೇ ಶುರು: 1+2 ಅಂತ ಬರೆದದ್ದು ಬರಹವಾಗಿ ಉಳಿಯಲ್ಲ, 3 ಆಗಿಬಿಡುತ್ತೆ. ಅದಕ್ಕೇ ಅಲ್ಲಿ ತಡೆಯೋಕೆ ‘ಕೋಟ್’, ಮತ್ತೆ ಬಿಡೋಕೆ ‘ಇವ್ಯಾಲ್’ ಇಟ್ಟರು.

ನಮ್ಮ ತೊಡಕು ಬೇರೆ. ಸೋತ ಕ್ಷಣ ಪ್ರೊಲಾಗ್ ಹಿಂದೆ ಸರಿದು, ಅಲ್ಲಿವರೆಗೆ ಕೂಡಿಸಿದ ಪಟ್ಟಿಯನ್ನೂ ಅಳಿಸುತ್ತೆ! ಹಾಗಾಗಿ ನಾಲ್ಕನೇ ನಿಯಮ: ಕನ್‌ಸ್ಟ್ರೇಂಟ್ ಸಿಕ್ಕರೆ ಸಾಲ್ವರ್‌ಗೆ ಹೇಳಬೇಡ, ಸುಮ್ನೆ ಪಟ್ಟಿಗೆ ಸೇರಿಸು. ಆಮೇಲೆ ಪಟ್ಟಿಯಿಂದ ಒಂದೊಂದನ್ನೇ ಬಿಟ್ಟು ಓಡಿಸೋದು. ಬಿಟ್ಟರೂ ಫಾಲ್ಸ್ ಬಂದ್ರೆ ಈ ಜಗಳಕ್ಕೆ ಅದು ಬೇಕಿಲ್ಲ, ಆಚೆ ಹಾಕು. ಬಿಟ್ಟಾಗ ಉತ್ತರ ಬಂದ್ರೆ ಇಟ್ಕೋ. ಪ್ರತಿಸಲ ಲೇಬಲಿಂಗ್ ಮಾಡಲೇಬೇಕು. ಮೂರು ಲ್ಯಾಬ್, ಎರಡೇ ಸ್ಲಾಟ್, ಜೋಡಿ ಜೋಡಿಯಾಗಿ #\= ಹಾಕಿ ನೋಡಿ; ಬೆಲೆ ಕೊಟ್ಟು ಪರೀಕ್ಷಿಸೋವರೆಗೂ ಸಾಲ್ವರ್ ತುಟಿ ಬಿಚ್ಚಲ್ಲ.

ಕೊನೆಗೆ ಉಳಿದಿದ್ದು ಮೂರು. ಗಣಿತದ ಮೇಷ್ಟ್ರು ಮಧ್ಯಾಹ್ನ ಮಾತ್ರ ಸಿಗ್ತಾರೆ. ಆ ಬ್ಯಾಚ್‌ಗೆ ದಿನಾ ಮಧ್ಯಾಹ್ನ ಲ್ಯಾಬ್. ಬಸ್ಸು ನಾಲ್ಕೂವರೆಗೆ. ಮೇಷ್ಟ್ರನ್ನೂ ಬಸ್ಸನ್ನೂ ಅಲ್ಲಾಡಿಸೋದು ಕಷ್ಟ. ಲ್ಯಾಬ್ ಮಧ್ಯಾಹ್ನವೇ ಇರಬೇಕು ಅಂತ ಮಾತ್ರ ಯಾವ ನಿಯಮದಲ್ಲೂ ಇಲ್ಲ, ರೂಢಿ ಅಷ್ಟೇ. ಆ ಮೂರು ಸಾಲನ್ನ ಪ್ರಿಂಟ್ ಹಾಕಿ ಆಫೀಸಿಗೆ ಕೊಟ್ಟಿದ್ದೀವಿ. ಬುಧವಾರದ ಲ್ಯಾಬ್ ಬೆಳಿಗ್ಗೆಗೆ ಹೋಗುತ್ತಾ ನೋಡ್ತೀವಿ ಅಂದಿದ್ದಾರೆ.